ಹಿಮದಲ್ಲಿ ಗೆರೆ ಕೊರೆಯುವ ಆಟ: ಸ್ನೋಬೋರ್ಡ್ ಕಾರ್ವಿಂಗ್ ಎಂದರೇನು, ಅದರ ಮಜಾ ಎಲ್ಲಿದೆ?

ಸ್ನೋಬೋರ್ಡ್ ಎಂದಾಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಟಿವಿಯಲ್ಲಿ ಕಂಡ ದೃಶ್ಯ. ಹಿಮದ ದಿಬ್ಬದಿಂದ ಚಿಮ್ಮಿ, ಗಾಳಿಯಲ್ಲಿ ನಾಲ್ಕಾರು ಪಲ್ಟಿ ಹೊಡೆದು ಇಳಿಯುವ ಹುಡುಗ ಹುಡುಗಿಯರು. ಇಲ್ಲವಾದರೆ ಸೊಂಟಮಟ್ಟದ ಹೊಸ ಹಿಮವನ್ನು ಸೀಳಿಕೊಂಡು ಕಡಿದಾದ ಬೆಟ್ಟ ಇಳಿಯುವ ಸಾಹಸಿಗರು. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದಿದೆ. ಅದರಲ್ಲಿ ಹಾರಾಟವೂ ಇಲ್ಲ, ಹಿಮಪಾತದ ಭಯವೂ ಇಲ್ಲ. ಯಂತ್ರ ಓಡಿಸಿ ಸಮ ಮಾಡಿದ ಇಳಿಜಾರಿನಲ್ಲಿ ಬೋರ್ಡನ್ನು ಅದರ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಎಲ್ಲೂ ಅಡ್ಡ ಜಾರದಂತೆ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಸಾಗುವುದಷ್ಟೇ ಕೆಲಸ. ಇದಕ್ಕೆ ಕಾರ್ವಿಂಗ್ ಎನ್ನುತ್ತಾರೆ. ಕೊರೆಯುವುದು ಎಂಬ ಅರ್ಥಕ್ಕೆ ತಕ್ಕಂತೆ ಬೋರ್ಡ್ ಹೋದ ದಾರಿಯಲ್ಲಿ ಚಾಕುವಿನಿಂದ ಕೊರೆದಂಥ ಒಂದೇ ಒಂದು ಸಣ್ಣ ಗೆರೆ ಉಳಿಯುತ್ತದೆ.

ಆ ಗೆರೆಯೇ ಈ ಆಟದ ಅಂಕಪಟ್ಟಿ. ಸವಾರ ಇಳಿದು ಬಂದು ಹಿಂತಿರುಗಿ ನೋಡಿದರೆ ಸಾಕು, ಕಾರ್ವ್ ಆಗಿದೆಯೋ ಇಲ್ಲವೋ ಎನ್ನುವುದು ಹಿಮದ ಮೇಲೆ ಬರೆದಿರುತ್ತದೆ. ಗೆರೆ ತೆಳುವಾಗಿದ್ದರೆ ಕೊರೆದಿದ್ದಾರೆ. ಪೊರಕೆಯಲ್ಲಿ ಗುಡಿಸಿದಂತೆ ಅಗಲವಾಗಿ ಹರಡಿಕೊಂಡಿದ್ದರೆ ಜಾರಿದ್ದಾರೆ. ತೀರ್ಪುಗಾರರು ಬೇಕಿಲ್ಲ, ಸುಳ್ಳು ಹೇಳಲೂ ಆಗದು.

<b>ಜಾರುವುದು ಬೇರೆ, ಕೊರೆಯುವುದು ಬೇರೆ</b>

ಹೊಸದಾಗಿ ಸ್ನೋಬೋರ್ಡ್ ಕಲಿಯುವವರೆಲ್ಲ ಮೊದಲು ಕಲಿಯುವುದು ಜಾರುವುದನ್ನೇ. ವೇಗ ಹೆಚ್ಚಾಯಿತು ಎನಿಸಿದಾಗ ಹಿಂಗಾಲನ್ನು ಒದ್ದು ಬೋರ್ಡನ್ನು ಅಡ್ಡಲಾಗಿ ತಿರುಗಿಸುತ್ತಾರೆ. ಅಂಚು ಹಿಮವನ್ನು ಕೆರೆದು ವೇಗ ಕಡಿಮೆಯಾಗುತ್ತದೆ. ಇದು ತಪ್ಪಲ್ಲ. ಬ್ರೇಕ್ ಹಾಕುವ ವಿದ್ಯೆ ಇಲ್ಲದೆ ಬೆಟ್ಟ ಇಳಿಯುವುದು ಯಾರಿಗೂ ಒಳ್ಳೆಯದಲ್ಲ. ಆದರೆ ಹತ್ತಾರು ವರ್ಷ ಬೋರ್ಡ್ ಆಡಿದವರಲ್ಲೂ ಅನೇಕರು ಇಲ್ಲಿಗೇ ನಿಂತುಬಿಟ್ಟಿರುತ್ತಾರೆ. ತಾವು ತಿರುಗುತ್ತಿದ್ದೇವೆ ಎಂದುಕೊಂಡಿರುತ್ತಾರೆ, ನಿಜದಲ್ಲಿ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತುತ್ತಿರುತ್ತಾರೆ.

ಕಾರ್ವಿಂಗ್‌ನಲ್ಲಿ ಬೋರ್ಡಿನ ಮೂತಿ ಹೋದ ಜಾಡಿನಲ್ಲೇ ಬಾಲವೂ ಹೋಗುತ್ತದೆ, ರೈಲಿನ ಕಡೆಯ ಬೋಗಿ ಎಂಜಿನ್ ಹೋದ ಹಳಿಯ ಮೇಲೇ ಹೋದಂತೆ. ಹಾಗಾದರೆ ವೇಗವನ್ನು ಹತೋಟಿಯಲ್ಲಿ ಇಡುವುದು ಹೇಗೆ? ತಿರುವನ್ನು ಪೂರ್ತಿ ಮುಗಿಸುವ ಮೂಲಕ. ಬೋರ್ಡ್ ಇಳಿಜಾರಿಗೆ ಅಡ್ಡವಾಗುವವರೆಗೆ, ಕೆಲವೊಮ್ಮೆ ತುಸು ಮೇಲ್ಮುಖವಾಗುವವರೆಗೂ ತಿರುವು ಮುಂದುವರಿದರೆ ಬೆಟ್ಟವೇ ವೇಗ ಇಳಿಸಿಕೊಡುತ್ತದೆ. ಕೆರೆಯುವ ಸದ್ದಿರುವುದಿಲ್ಲ, ಕಾಲಿಗೆ ನಡುಕವಿರುವುದಿಲ್ಲ. ಈ ನಿಶ್ಶಬ್ದ ಹಿಡಿತದ ರುಚಿ ಒಮ್ಮೆ ಹತ್ತಿದವರು ದಿನವಿಡೀ ಒಂದೇ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡಿದರೂ ಬೇಸರಪಡುವುದಿಲ್ಲ. ನೋಡುವವರಿಗೆ ಇದೇನು ಹುಚ್ಚು ಎನಿಸುವುದೂ ಸಹಜವೇ.

<b>ಎಲ್ಲ ಗುಟ್ಟೂ ಸೊಂಟದಲ್ಲಿ</b>

ಸ್ನೋಬೋರ್ಡನ್ನು ಮೇಲಿನಿಂದ ನೋಡಿದರೆ ಎರಡು ತುದಿಗಳು ಅಗಲ, ನಡುವೆ ಸೊಂಟ ಸಣ್ಣ. ಅಂಚು ನೇರವಾಗಿರದೆ ದೊಡ್ಡ ವೃತ್ತದ ಒಂದು ತುಣುಕಿನಂತೆ ಒಳಕ್ಕೆ ಬಾಗಿರುತ್ತದೆ. ಇದನ್ನು ಸೈಡ್‌ಕಟ್ ಎನ್ನುತ್ತಾರೆ. ಆ ವೃತ್ತದ ತ್ರಿಜ್ಯ ಸಾಮಾನ್ಯ ಬೋರ್ಡುಗಳಲ್ಲಿ 7ರಿಂದ 9 ಮೀಟರ್, ಕಾರ್ವಿಂಗ್‌ಗೆಂದೇ ಮಾಡಿದ ಉದ್ದನೆಯ ಬೋರ್ಡುಗಳಲ್ಲಿ 10ರಿಂದ 14 ಮೀಟರ್, ರೇಸಿಂಗ್ ಬೋರ್ಡುಗಳಲ್ಲಿ 20 ಮೀಟರ್ ದಾಟುವುದೂ ಉಂಟು.

ಬೋರ್ಡನ್ನು ಓರೆ ಮಾಡಿ ಅದರ ಮೇಲೆ ಭಾರ ಹಾಕಿದಾಗ ಎರಡು ತುದಿಗಳು ಮೊದಲು ಹಿಮಕ್ಕೆ ತಾಗುತ್ತವೆ. ನಡುಭಾಗವೂ ಹಿಮ ಮುಟ್ಟಬೇಕಾದರೆ ಬೋರ್ಡ್ ಬಿಲ್ಲಿನಂತೆ ಬಾಗಲೇಬೇಕು. ಬಾಗಿದ ಅಂಚು ಹಿಮದಲ್ಲಿ ಬಾಗಿದ ದಾರಿಯನ್ನೇ ಕೊರೆಯುತ್ತದೆ. ಹೆಚ್ಚು ಓರೆ ಮಾಡಿದಷ್ಟೂ ಹೆಚ್ಚು ಬಾಗುತ್ತದೆ, ತಿರುವು ಚಿಕ್ಕದಾಗುತ್ತದೆ. ಲೆಕ್ಕವೂ ಸರಳ: ಸೈಡ್‌ಕಟ್ ತ್ರಿಜ್ಯವನ್ನು ಓರೆಯ ಕೋನದ ಕೊಸೈನ್‌ನಿಂದ ಗುಣಿಸಿದರೆ ಗಟ್ಟಿ ಹಿಮದಲ್ಲಿ ತಿರುವಿನ ತ್ರಿಜ್ಯ ಸರಿಸುಮಾರು ಸಿಗುತ್ತದೆ. 10 ಮೀಟರಿನ ಬೋರ್ಡನ್ನು 30 ಡಿಗ್ರಿ ಓರೆ ಮಾಡಿದರೆ ತಿರುವು ಸುಮಾರು 8.7 ಮೀಟರ್, 60 ಡಿಗ್ರಿ ಮಾಡಿದರೆ ನೇರ ಅರ್ಧ, 5 ಮೀಟರ್. ಅಂದರೆ ಸವಾರ ಬೋರ್ಡನ್ನು ತಿರುಗಿಸುವುದೇ ಇಲ್ಲ. ಓರೆ ಮಾಡುತ್ತಾರೆ, ಬೋರ್ಡ್ ತಾನೇ ತಿರುಗುತ್ತದೆ. ಇದು ತಲೆಗೆ ಅರ್ಥವಾಗುವುದು ಎರಡು ನಿಮಿಷದ ಮಾತು, ಕಾಲಿಗೆ ಅರ್ಥವಾಗಲು ಒಂದೆರಡು ಚಳಿಗಾಲ ಬೇಕು.

ಇನ್ನು ಮೈ ಮೇಲೆ ಬೀಳುವ ಭಾರ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಈ ವೇಗದಲ್ಲಿ 10 ಮೀಟರ್ ತ್ರಿಜ್ಯದ ತಿರುವು ಹೊಡೆದರೆ ಗುರುತ್ವಾಕರ್ಷಣೆಗೆ ಹೆಚ್ಚು ಕಡಿಮೆ ಸಮನಾದ ಬಲ ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೆ ಎದುರಾಗಿ ನಿಲ್ಲಲು ದೇಹ 45 ಡಿಗ್ರಿಯಷ್ಟು ವಾಲಬೇಕು. 70 ಕಿಲೋ ತೂಕದವರ ಕಾಲಿಗೆ ಆ ಕ್ಷಣದಲ್ಲಿ ಸುಮಾರು 100 ಕಿಲೋ ಹೊತ್ತ ಅನುಭವ. ಮುಂದಿನ ಅರೆಕ್ಷಣದಲ್ಲಿ ಒಂದು ಅಂಚಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅದೇ ಭಾರ ಪೂರ್ತಿ ಇಳಿದು ಮೈ ಹಗುರಾಗುತ್ತದೆ. ಮತ್ತೆ ಭಾರ, ಮತ್ತೆ ಹಗುರ. ಉಯ್ಯಾಲೆಯಲ್ಲಿ ಜೀಕಿದವರಿಗೆಲ್ಲ ಈ ಲಯ ಗೊತ್ತು. ಕಾರ್ವಿಂಗ್‌ನ ಸುಖವೆಂದರೆ ಮುಕ್ಕಾಲು ಪಾಲು ಇದೇ.

<b>ರಾತ್ರಿ ಪಾಳಿಯವರ ಕೆಲಸ</b>

ಈ ಸುಖಕ್ಕೆ ಬೇಕಾದ ನೆಲವನ್ನು ಸಿದ್ಧಪಡಿಸುವವರು ಬೇರೆಯೇ ಇದ್ದಾರೆ, ಅವರು ಹಗಲಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಸಂಜೆ ಲಿಫ್ಟ್‌ಗಳು ನಿಂತ ಮೇಲೆ ಗ್ರೂಮರ್ ಎಂಬ ದೈತ್ಯ ಯಂತ್ರಗಳು ಬೆಟ್ಟ ಏರುತ್ತವೆ. ಜರ್ಮನಿಯ ಪಿಸ್ಟನ್‌ಬುಲ್ಲಿ, ಇಟಲಿಯ ಪ್ರಿನೋತ್ ಈ ಕ್ಷೇತ್ರದ ದೊಡ್ಡ ಹೆಸರುಗಳು. ಬುಲ್ಡೋಜರಿನಂತೆ ಅಗಲವಾದ ಪಟ್ಟಿಗಳ ಮೇಲೆ ಚಲಿಸುವ ಈ ಯಂತ್ರದ ಮುಂದಿನ ಅಲಗು ದಿನವಿಡೀ ಜನ ಕೆದರಿದ ಗುಡ್ಡೆಗಳನ್ನು ತಳ್ಳಿ ಗುಂಡಿಗಳನ್ನು ತುಂಬುತ್ತದೆ. ಹಿಂದೆ ಹಲ್ಲುಗಳಿರುವ ಉರುಳೆಯೊಂದು ಗರಗರ ತಿರುಗಿ ಹೆಪ್ಪುಗಟ್ಟಿದ ಹೆಂಟೆಗಳನ್ನು ಪುಡಿ ಮಾಡುತ್ತದೆ. ಕೊನೆಯಲ್ಲಿರುವ ಬಾಚಣಿಗೆಯಂಥ ಪಟ್ಟಿ ಮೇಲ್ಮೈಯನ್ನು ಸವರಿ ಸಣ್ಣ ಸಣ್ಣ ಸಾಲುಗಳನ್ನು ಬಿಡುತ್ತದೆ. ಕುಂಟೆ ಹೊಡೆದ ಹೊಲದಂತೆ ಕಾಣುವ ಈ ಸಾಲುಗಳಿಗೆ ಸವಾರರು ಬಟ್ಟೆಯ ಹೆಸರಿನಿಂದ ಕಾರ್ಡುರಾಯ್ ಎನ್ನುತ್ತಾರೆ.

ಈ ಕೆಲಸ ರಾತ್ರಿಯೇ ನಡೆಯುವುದಕ್ಕೆ ಜನ ಇರುವುದಿಲ್ಲ ಎನ್ನುವುದೊಂದೇ ಕಾರಣವಲ್ಲ. ಪುಡಿಯಾದ ಹಿಮದ ಕಣಗಳು ಚಳಿಯಲ್ಲಿ ಕೆಲವು ಗಂಟೆ ಅಲುಗದೆ ಇದ್ದರೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕಾಂಕ್ರೀಟ್ ಹಾಕಿ ಗಟ್ಟಿಯಾಗಲು ಬಿಟ್ಟ ಹಾಗೆ. ಬೆಳಿಗ್ಗೆ ಹೊತ್ತಿಗೆ ಅದು ಅಂಚು ಕಚ್ಚುವಷ್ಟು ಮೆದು, ಭಾರಕ್ಕೆ ಕುಸಿಯದಷ್ಟು ಗಟ್ಟಿ. ಈ ಹದವೇ ಕಾರ್ವಿಂಗ್‌ನ ಪ್ರಾಣ. ಹೊಸ ಹಿಮದಲ್ಲಿ ಅಂಚಿಗೆ ಹಿಡಿತವೇ ಸಿಗದು. ನೀಲಿ ಮಂಜುಗಡ್ಡೆಯಲ್ಲಿ ಅಂಚು ಒಳಗೆ ಇಳಿಯದು.

ಆದ್ದರಿಂದಲೇ ಕಾರ್ವಿಂಗ್ ಮಾಡುವವರು ಲಿಫ್ಟ್ ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಂತಿರುತ್ತಾರೆ. ಮೊದಲ ಒಂದೆರಡು ಗಂಟೆ ಅವರದ್ದು. ಹನ್ನೊಂದರ ಹೊತ್ತಿಗೆ ಜನ ಕೆರೆದು ಕೆರೆದು ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ನುಣುಪು ಮಂಜುಗಡ್ಡೆ ಆಗಿರುತ್ತದೆ. ಉಳಿದವರು ಊಟ ಮುಗಿಸಿ ಬೆಟ್ಟಕ್ಕೆ ಬರುವಾಗ ಇವರ ದಿನ ಮುಗಿದಿರುತ್ತದೆ.

<b>ಗಟ್ಟಿ ಬೂಟು, ಮೆತ್ತನೆ ಬೂಟು</b>

ಸ್ನೋಬೋರ್ಡ್ ಹುಟ್ಟಿದಾಗ ಅದಕ್ಕೆ ಉಕ್ಕಿನ ಅಂಚೂ ಇರಲಿಲ್ಲ, ಕಾಲು ಕಟ್ಟುವ ಬೈಂಡಿಂಗೂ ಇರಲಿಲ್ಲ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪೋಪನ್ ಎಂಬ ಎಂಜಿನಿಯರ್ ತನ್ನ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದು ಆಟಿಕೆ ಮಾಡಿದ. ಸ್ನರ್ಫರ್ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು. ಅದನ್ನಾಡುತ್ತ ಬೆಳೆದ ಜೇಕ್ ಬರ್ಟನ್ ಕಾರ್ಪೆಂಟರ್ 1977ರಲ್ಲಿ ವರ್ಮಾಂಟ್‌ನಲ್ಲಿ ಬೋರ್ಡ್ ತಯಾರಿಕೆ ಶುರು ಮಾಡಿದ. ಆರಂಭದ ವರ್ಷಗಳಲ್ಲಿ ಹೆಚ್ಚಿನ ಸ್ಕೀ ರೆಸಾರ್ಟ್‌ಗಳು ಬೋರ್ಡಿನವರನ್ನು ಲಿಫ್ಟ್ ಹತ್ತಲೂ ಬಿಡುತ್ತಿರಲಿಲ್ಲ.

1980ರ ದಶಕದಲ್ಲಿ ಯುರೋಪಿನವರು ಬೇರೆ ದಾರಿ ಹಿಡಿದರು. ಸ್ಕೀ ಬೂಟಿನಂಥ ಪ್ಲಾಸ್ಟಿಕ್ ಕವಚದ ಗಟ್ಟಿ ಬೂಟು, ಅದನ್ನು ಲೋಹದ ಕೊಂಡಿಯಿಂದ ಕಚ್ಚಿ ಹಿಡಿಯುವ ಪ್ಲೇಟ್ ಬೈಂಡಿಂಗ್, ಉದ್ದನೆಯ ಕಿರಿದಾದ ಬೋರ್ಡ್. ಕಿರಿದಾಗಿದ್ದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ಬದಲಾಯಿಸಬಹುದು. ಆದರೆ 20 ಸೆಂಟಿಮೀಟರ್ ಅಗಲದ ಬೋರ್ಡಿನ ಮೇಲೆ ಪಾದವನ್ನು ಅಡ್ಡಲಾಗಿ ಇಡಲು ಜಾಗವಿಲ್ಲ. ಹಾಗಾಗಿ ಎರಡೂ ಪಾದಗಳು 50, 60 ಡಿಗ್ರಿಯಷ್ಟು ಮುಂದಕ್ಕೆ ತಿರುಗಿರುತ್ತವೆ. ಫ್ರಾನ್ಸಿನ ಸರ್ಜ್ ವಿಟೆಲ್ಲಿ ಎಂಬ ಸವಾರ ಮೈಯನ್ನು ಪೂರ್ತಿ ಹಿಮಕ್ಕೆ ಒರಗಿಸಿ ತಿರುಗುತ್ತಿದ್ದ ಬಗೆಗೆ ಇಂದಿಗೂ ವಿಟೆಲ್ಲಿ ತಿರುವು ಎಂದೇ ಹೆಸರು. ಸ್ವಿಟ್ಜರ್ಲೆಂಡಿನ ಜಿನಾಲ್ ಎಂಬ ಸಣ್ಣ ಹಳ್ಳಿಯ ಇಳಿಜಾರುಗಳಲ್ಲಿ ಪ್ಯಾಟ್ರಿಸ್ ಫಿವಾ ಮತ್ತು ಜಾಕ್ ರಿಲಿಯೇ ಈ ಮಲಗುವ ಶೈಲಿಯನ್ನು ಇನ್ನಷ್ಟು ಬೆಳೆಸಿ ಎಕ್ಸ್‌ಟ್ರೀಮ್ ಕಾರ್ವಿಂಗ್ ಎಂದು ಕರೆದರು.

ಆಮೇಲೆ ಗಾಳಿ ಬದಲಾಯಿತು. ಜಿಗಿತ, ಪಲ್ಟಿಗಳ ಶೈಲಿಯೇ ಸ್ನೋಬೋರ್ಡ್ ಎಂಬಂತಾಗಿ, ದೊಡ್ಡ ಕಂಪನಿಗಳು ಒಂದೊಂದಾಗಿ ಗಟ್ಟಿ ಬೂಟಿನ ಸಾಮಗ್ರಿಗಳನ್ನು ಕೈಬಿಟ್ಟವು. ಈ ವಿದ್ಯೆಯನ್ನು ಉಳಿಸಿದ್ದು ಹೆಚ್ಚಾಗಿ ಸಣ್ಣ ಕಾರ್ಖಾನೆಗಳು: ಅಮೆರಿಕದ ಡೋನೆಕ್, ಕೆನಡಾದ ಕಾಯ್ಲರ್, ಸ್ವಿಟ್ಜರ್ಲೆಂಡಿನ ಕೆಸ್ಲರ್. ಸವಾರರ ತೂಕ, ಪಾದದ ಅಳತೆ ಕೇಳಿ ಬೋರ್ಡ್ ಮಾಡಿಕೊಡುವ ಪದ್ಧತಿ ಇಂಥ ಕಡೆ ಇದೆ, ದರ್ಜಿ ಅಳತೆ ತೆಗೆದುಕೊಂಡ ಹಾಗೆ.

ಇತ್ತೀಚಿನ ವರ್ಷಗಳಲ್ಲಿ ಮೆತ್ತನೆ ಬೂಟಿನಲ್ಲೇ ಕಾರ್ವ್ ಮಾಡುವ ಅಲೆ ಎದ್ದಿದೆ. ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಅದು ತನ್ನದೇ ಸಂಸ್ಕೃತಿಯಾಗಿ ಬೆಳೆದಿದೆ. ಅಮೆರಿಕದ ರಯಾನ್ ನ್ಯಾಪ್ಟನ್‌ನ ಯೂಟ್ಯೂಬ್ ವಿಡಿಯೊಗಳು, ಯುರೋಪಿನ ಕೊರುವಾ ಕಂಪನಿಯ ಕಿರುಚಿತ್ರಗಳು ಇದನ್ನು ಹೊಸ ಪೀಳಿಗೆಗೆ ತಲುಪಿಸಿವೆ. ಮೆತ್ತನೆ ಬೂಟಿನ ಒಂದೇ ತೊಂದರೆ ಎಂದರೆ ಪಾದ ಬೋರ್ಡಿನಿಂದ ಹೊರಚಾಚುವುದು. ಹೆಚ್ಚು ಓರೆಯಾದಾಗ ಬೂಟಿನ ಮೂತಿಯೋ ಹಿಮ್ಮಡಿಯೋ ಹಿಮಕ್ಕೆ ತಾಗಿ ಅಂಚನ್ನೇ ಮೇಲೆತ್ತಿಬಿಡುತ್ತದೆ, ಸವಾರ ಉರುಳುತ್ತಾರೆ. ಅಗಲವಾದ ಬೋರ್ಡ್ ಅಥವಾ ಪಾದಗಳನ್ನು ಇನ್ನಷ್ಟು ಮುಂದಕ್ಕೆ ತಿರುಗಿಸುವುದು ಇದಕ್ಕೆ ಪರಿಹಾರ. ಯಾವ ಬೂಟು ಮೇಲು ಎಂಬ ಜಗಳ ಮುಗಿಯುವಂಥದ್ದಲ್ಲ. ಆದರೆ ಹೊಸಬರಿಗೆ ಮೆತ್ತನೆ ಬೂಟೇ ಸರಿ. ಬಾಡಿಗೆಗೆ ಸುಲಭವಾಗಿ ಸಿಗುವುದೂ ಅದೇ.

<b>ಒಲಿಂಪಿಕ್ಸ್‌ನಲ್ಲಿ</b>

1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಮೊದಲ ಬಾರಿ ಕಾಣಿಸಿಕೊಂಡಾಗ ಜೈಂಟ್ ಸ್ಲಾಲಮ್ ಚಿನ್ನ ಗೆದ್ದ ಕೆನಡಾದ ರಾಸ್ ರೆಬಾಗ್ಲಿಯಾಟಿಯ ಪದಕವನ್ನು ಗಾಂಜಾ ಅಂಶ ಪತ್ತೆಯಾಯಿತೆಂದು ಕಿತ್ತುಕೊಂಡು, ನಿಷೇಧಿತ ಪಟ್ಟಿಯಲ್ಲಿ ಅದು ಇರಲಿಲ್ಲವೆಂದು ಹಿಂತಿರುಗಿಸಿದ್ದರು. 2002ರಿಂದ ಇಬ್ಬರು ಅಕ್ಕಪಕ್ಕ ಇಳಿಯುವ ಪ್ಯಾರಲಲ್ ಜೈಂಟ್ ಸ್ಲಾಲಮ್ ಬಂತು. 2014ರ ಸೋಚಿಯಲ್ಲಿ ಪ್ಯಾರಲಲ್ ಸ್ಲಾಲಮ್ ಕೂಡ ಸೇರಿತ್ತು, ಆದರೆ ಅದೊಂದೇ ಸಲ. ಅಲ್ಲಿ ಎರಡೂ ಚಿನ್ನ ಬಾಚಿದ ವಿಕ್ ವೈಲ್ಡ್ ಹುಟ್ಟು ಅಮೆರಿಕನ್ನನೇ. ತನ್ನ ದೇಶ ಈ ವಿಭಾಗಕ್ಕೆ ಹಣ ನಿಲ್ಲಿಸಿದ ಮೇಲೆ ರಷ್ಯಾದ ಪರ ಆಡಿದವನು.

2018ರ ಪ್ಯೊಂಗ್‌ಚಾಂಗ್‌ನಲ್ಲಿ ಜೆಕ್ ದೇಶದ ಎಸ್ಟರ್ ಲೆಡೆಕ್ಕಾ ಮಾಡಿದ್ದು ಇನ್ನೂ ದೊಡ್ಡದು. ಸ್ನೋಬೋರ್ಡ್ ರೇಸರ್ ಎಂದೇ ಹೆಸರಾಗಿದ್ದ ಆಕೆ ಮೊದಲು ಸ್ಕೀಯಿಂಗ್‌ನ ಸೂಪರ್-ಜಿ ಸ್ಪರ್ಧೆಯನ್ನು ಸೆಕೆಂಡಿನ ನೂರನೇ ಒಂದು ಭಾಗದಿಂದ ಗೆದ್ದು, ಒಂದು ವಾರದ ನಂತರ ಸ್ನೋಬೋರ್ಡ್‌ನಲ್ಲೂ ಚಿನ್ನ ಗೆದ್ದಳು. ಅಂಚಿನ ಮೇಲೆ ನಂಬಿಕೆ ಇಟ್ಟವರಿಗೆ ಒಂದು ಹಲಗೆಯಾದರೇನು, ಎರಡಾದರೇನು.

<b>ಕಲಿಯುವ ಬಗೆ</b>

ಕಾರ್ವಿಂಗ್ ಕಲಿಯಲು ಕಡಿದಾದ ಬೆಟ್ಟ ಬೇಡ. ಎಷ್ಟು ಸಲೀಸಾದ ಇಳಿಜಾರೋ ಅಷ್ಟು ಒಳ್ಳೆಯದು. ಇಳಿಜಾರಿಗೆ ಅಡ್ಡವಾಗಿ ನಿಧಾನಕ್ಕೆ ಹೊರಟು, ಮೇಲಿನ ಅಂಚಿನ ಮೇಲೆ ಬೋರ್ಡ್ ಓರೆ ಮಾಡಿ ಸುಮ್ಮನೆ ನಿಲ್ಲಬೇಕು. ಒದೆಯಬಾರದು, ಭುಜ ತಿರುಗಿಸಬಾರದು. ಬೋರ್ಡ್ ತಾನಾಗಿ ಬೆಟ್ಟದ ಕಡೆ ಬಾಗಿ ನಿಲ್ಲುತ್ತದೆ. ಹಿಂತಿರುಗಿ ಗೆರೆ ನೋಡಬೇಕು. ತೆಳು ಗೆರೆ ಬರುವವರೆಗೂ ಇಷ್ಟೇ ಪಾಠ. ಬಳಿಕ ಪ್ರತಿ ಸಲವೂ ಸ್ವಲ್ಪ ಹೆಚ್ಚು ಕೆಳಮುಖವಾಗಿ ಹೊರಡುವುದು.

ಕಷ್ಟ ಇರುವುದು ಎರಡು ತಿರುವುಗಳನ್ನು ಬೆಸೆಯುವಲ್ಲಿ. ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವ ಎಚ್ಚರಿಕೆ ಎಂದರೆ ಕೆಳಗಿನ ಅಂಚನ್ನು ಹಿಮಕ್ಕೆ ತಾಗಿಸಬೇಡಿ, ತಾಗಿದರೆ ಧೊಪ್ಪನೆ ಬೀಳುತ್ತೀರಿ ಎಂದು. ಕಾರ್ವಿಂಗ್‌ನಲ್ಲಿ ಮಾಡಬೇಕಾದ್ದು ಅದನ್ನೇ: ಬೋರ್ಡ್ ಇನ್ನೂ ಅಡ್ಡವಾಗಿ ಹೋಗುತ್ತಿರುವಾಗಲೇ ಕೆಳಗಿನ ಅಂಚಿಗೆ ಬದಲಾಯಿಸಬೇಕು. ಬೋರ್ಡ್ ಪಕ್ಕಕ್ಕೆ ಜಾರುತ್ತಿದ್ದರೆ ಮಾತ್ರ ಆ ಅಂಚು ಸಿಕ್ಕಿಕೊಂಡು ಬೀಳಿಸುತ್ತದೆ. ತನ್ನ ಉದ್ದಕ್ಕೆ ನೇರ ಸಾಗುತ್ತಿದ್ದರೆ ಏನೂ ಆಗದು. ಮನಸ್ಸು ಈ ಮಾತನ್ನು ಒಪ್ಪಿದ ದಿನ ಸವಾರ ಕಾರ್ವರ್ ಆದ ಹಾಗೆ.

ಬೆರಳ ಕಡೆಯ ತಿರುವಿಗಿಂತ ಹಿಮ್ಮಡಿ ಕಡೆಯ ತಿರುವು ಹೆಚ್ಚಿನವರಿಗೆ ಕಷ್ಟ. ಕಾಣದ ಕಮೋಡಿನ ಮೇಲೆ ಕೂತಂತೆ ಪೃಷ್ಠವನ್ನು ಹೊರಕ್ಕೆ ಚಾಚಿ, ಎದೆಯನ್ನು ಮುಂದಕ್ಕೆ ಬಗ್ಗಿಸುವುದು ಎಲ್ಲೆಡೆ ಕಾಣುವ ತಪ್ಪು. ಹಾಗಾದಾಗ ಅಂಚು ಗಡಗಡ ನಡುಗಿ ಕಳಚಿಕೊಳ್ಳುತ್ತದೆ. ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು, ಹೋಗಬೇಕಾದ ಕಡೆಗೆ ಮುಖ ಮಾಡಿದರೆ ಅರ್ಧ ಸರಿಹೋಗುತ್ತದೆ. ಇನ್ನೊಂದು ಚಟ, ಫೋಟೋಗಾಗಿ ಕೈಯನ್ನು ಹಿಮಕ್ಕೆ ತಾಗಿಸುವುದು. ಓರೆ ಸಾಕಷ್ಟಿದ್ದರೆ ಹಿಮವೇ ಕೈಗೆ ಬರುತ್ತದೆ. ಸೊಂಟ ಬಗ್ಗಿಸಿ ಕೈ ಚಾಚಿದರೆ ಬರುವುದು ಫೋಟೋ ಮಾತ್ರ, ಕಾರ್ವ್ ಅಲ್ಲ.

<b>ಬೆನ್ನ ಹಿಂದಿನ ಅಪಾಯ</b>

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗಂಭೀರ ವಿಷಯ. ಹದವಾದ ಇಳಿಜಾರಿನಲ್ಲಿ ಮರಗಳಿಲ್ಲ, ಬಂಡೆಗಳಿಲ್ಲ, ಇರುವುದು ಜನ. ದೊಡ್ಡ ಕಾರ್ವ್ ತಿರುವು ಇಳಿಜಾರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೋಗುತ್ತದೆ. ಹಿಂದಿನಿಂದ ವೇಗವಾಗಿ ಬರುವ ಸ್ಕೀಯರ್‌ಗೆ, ಮುಂದಿರುವವರು ಹೀಗೆ ಅಡ್ಡ ಬರುತ್ತಾರೆಂಬ ಊಹೆ ಇರುವುದಿಲ್ಲ. ಜೊತೆಗೆ ಸ್ನೋಬೋರ್ಡಿಗರು ಪಕ್ಕಕ್ಕೆ ಮುಖ ಮಾಡಿ ನಿಲ್ಲುವವರು. ಎಡಗಾಲು ಮುಂದಿಟ್ಟವರು ಹಿಮ್ಮಡಿ ತಿರುವಿನಲ್ಲಿ ಎಡಕ್ಕೆ ಹೋಗುತ್ತಾರೆ, ಅಂದರೆ ಅದುವರೆಗೂ ಬೆನ್ನು ಮಾಡಿದ್ದ ಕಡೆಗೇ. ಗಟ್ಟಿ ಬೂಟಿನವರು ಮುಂದಕ್ಕೆ ತಿರುಗಿ ನಿಲ್ಲುವುದರಿಂದ ಈ ಕುರುಡು ಜಾಗ ಅವರಿಗೆ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳ ಪ್ರಕಾರ ಕೆಳಗಿರುವವರಿಗೇ ಮೊದಲ ಹಕ್ಕು. ಹಿಂದಿನಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು. ಹಾಗೆಂದು ಕಾರ್ವಿಂಗ್ ಮಾಡುವವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಹೊಸದಾಗಿ ಹೊರಡುವವರು ಮತ್ತು ಇಳಿಜಾರಿನಲ್ಲಿ ಮೇಲ್ಮುಖವಾಗಿ ಚಲಿಸುವವರು ಮೇಲೂ ಕೆಳಗೂ ನೋಡಿಕೊಳ್ಳಬೇಕೆಂದು ಐದನೆಯ ನಿಯಮ ಹೇಳುತ್ತದೆ. ತಿರುವನ್ನು ಬೆಟ್ಟದ ಕಡೆಗೆ ಎಳೆದು ಮುಗಿಸುವ ಕಾರ್ವರ್‌ಗೆ ಇದು ನೇರವಾಗಿ ಅನ್ವಯಿಸುತ್ತದೆ. ಹಕ್ಕು ಯಾರದ್ದು ಎಂಬ ವಾದ ಆಸ್ಪತ್ರೆಯ ಮಂಚದ ಮೇಲೆ ಮಾಡಿ ಪ್ರಯೋಜನವಿಲ್ಲ. ಜನ ಕಡಿಮೆಯಾಗುವವರೆಗೆ ಪಕ್ಕದಲ್ಲಿ ಕಾದು, ಪ್ರತಿ ಹಿಮ್ಮಡಿ ತಿರುವಿಗೆ ಮುನ್ನ ಭುಜದ ಮೇಲಿಂದ ಒಮ್ಮೆ ನೋಡುವುದು ಅನುಭವಿಗಳ ರೂಢಿ. ಹೆಲ್ಮೆಟ್ ಅಂತೂ ಬೇಕೇ ಬೇಕು. ಹೊಸ ಸ್ನೋಬೋರ್ಡಿಗರಿಗೆ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೆ, ಹಾಗಾಗಿ ಅದಕ್ಕೊಂದು ಗಾರ್ಡ್ ಇರಲಿ.

<b>ಭಾರತದಲ್ಲಿ ಅವಕಾಶ ಎಷ್ಟು?</b>

ದೆಹಲಿ, ಪುಣೆ, ಬೆಂಗಳೂರಿನಿಂದ ಹಿಮ ನೋಡಲು ಹೊರಡುವವರಿಗೆ ಮೊದಲು ಸಿಗುವ ಹೆಸರು ಕಾಶ್ಮೀರದ ಗುಲ್ಮಾರ್ಗ್. ಸುಮಾರು 2,650 ಮೀಟರ್ ಎತ್ತರದ ಈ ಊರಿನಿಂದ ಗೊಂಡೋಲಾ ಎರಡು ಹಂತದಲ್ಲಿ ಅಫರ್ವತ್ ಬೆಟ್ಟದ ಮೇಲಕ್ಕೆ ಒಯ್ಯುತ್ತದೆ. ಆದರೆ ಗುಲ್ಮಾರ್ಗ್‌ನ ಜಾಗತಿಕ ಖ್ಯಾತಿ ಯಂತ್ರ ಮುಟ್ಟದ ಹೊಸ ಹಿಮಕ್ಕೆ. ಕಾರ್ವಿಂಗ್‌ಗೆ ಬೇಕಾದ ಸಮ ಮಾಡಿದ ಇಳಿಜಾರು ಅಲ್ಲಿ ಸೀಮಿತ, ಹೆಚ್ಚಾಗಿ ಕೆಳಗಿನ ಹಂತದಲ್ಲೇ. ಉತ್ತರಾಖಂಡದ ಔಲಿಯಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದಿತ್ತು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಬೇಕಾಯಿತು.

ಹಿಮವೂ ಈಗ ಮೊದಲಿನಂತೆ ನೆಚ್ಚುವ ಹಾಗಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಕಂದು ಬಣ್ಣದಲ್ಲಿದ್ದವು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತ ಹಿಮವಿಲ್ಲದೆ ಮಾರ್ಚ್‌ಗೆ ಹೋಯಿತು. ಟಿಕೆಟ್ ಬುಕ್ ಮಾಡುವ ಮುನ್ನ ಹಿಮದ ವರದಿ ನೋಡಿಕೊಳ್ಳುವುದು ಕ್ಷೇಮ. ಕೊಲ್ಲಿಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಇನ್ನೊಂದು ದಾರಿಯಿದೆ: 2005ರಲ್ಲಿ ತೆರೆದ ಸ್ಕೀ ದುಬೈ. ಮಾಲ್ ಒಳಗಿನ ಅದರ ಅತಿ ಉದ್ದದ ಇಳಿಜಾರು 400 ಮೀಟರ್. ಬೆಟ್ಟದ ಬಯಲು ಅಲ್ಲಿಲ್ಲ, ಆದರೆ ಗೆರೆ ಅಭ್ಯಾಸ ಮಾಡಲು ಅಷ್ಟು ಸಾಕು.

ಎಲ್ಲೇ ಹೋದರೂ ಬೋರ್ಡ್ ಬಾಡಿಗೆಗೆ ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಉಗುರಿನ ಮೇಲ್ಭಾಗವನ್ನು ಉಕ್ಕಿನ ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರಿನಿಂದ ಬಿಳಿ ಪುಡಿ ಎದ್ದರೆ ಅಂಚು ಹರಿತವಾಗಿದೆ. ಏನೂ ಏಳದೆ ನುಣ್ಣಗೆ ಜಾರಿದರೆ ಅಂಥ ಬೋರ್ಡಿನಲ್ಲಿ ಎಂಥ ಪರಿಣತರಿಗೂ ಗಟ್ಟಿ ಹಿಮದಲ್ಲಿ ಹಿಡಿತ ಸಿಗದು. ಅಂಚಿಗೆ ಅರ ಹಾಕಿಕೊಡಲು ಕೇಳಿ, ಇಲ್ಲವೆಂದರೆ ಬೇರೆ ಬೋರ್ಡ್ ತೆಗೆದುಕೊಳ್ಳಿ.